ಮಗಳ ಬಗ್ಗೆ ಒಂಬತ್ತು ಸಾಲು

ಹುಬ್ಬಳ್ಳಿಯಲ್ಲಿ ಫಕೀರಪ್ಪ ಎಂಬ ಬಸ್ ಡ್ರೈವರ್ ಇದ್ದ. ಪುಣೆ ರೂಟು.

ಎರಡು ದಿನ ರಸ್ತೆಯ ಮೇಲೆ, ಒಂದು ದಿನ ಮನೆಯಲ್ಲಿ... ಆ ಒಂದು ದಿನವೂ ನಿದ್ದೆಗೇ ಹೋಗುತ್ತಿತ್ತು.

ಅವನಿಗೆ ಒಬ್ಬಳೇ ಮಗಳು, ತೇಜಸ್ವಿನಿ. ಪಿಯುಸಿ ಎರಡನೇ ವರ್ಷ.

ಮಳೆಗಾಲದಲ್ಲಿ ಡೆಂಗ್ಯೂ ಬಂತು. ಐದೇ ದಿನ... ಎದೆಯುದ್ದ ಬೆಳೆದ ಮಗಳು ಕಣ್ಣೆದುರೇ ಹೋಗಿಬಿಟ್ಟಳು.

ಹೆಂಡತಿ ರೇಣವ್ವ ಮಾತೇ ಬಿಟ್ಟಳು. ಫಕೀರಪ್ಪ ಮೊಬೈಲಿನಲ್ಲಿ ಕವಿತೆ ಬರೆಯತೊಡಗಿದ.

"ಓ ನನ್ನ ಮುದ್ದಿನ ಮಗಳೇ, ಬಂಗಾರದ ಗೊಂಬೆಯೇ..." ಎಂದು ಬರೆದು ಡ್ರೈವರುಗಳ ಗ್ರೂಪಿಗೆ ಹಾಕಿದ.

"ಕಣ್ಣಾಗ ನೀರು ಬಂತು ಅಣ್ಣಾ", "ಸೂಪರ್", ಸಾಲು ಸಾಲು ಕೈಮುಗಿದ ಚಿತ್ರಗಳು... ಬರೆದದ್ದನ್ನೆಲ್ಲ ಹಾಳೆಗೂ ಇಳಿಸಿದ, ಆರು ತಿಂಗಳಲ್ಲಿ ಒಂದು ನೋಟ್‌ಬುಕ್ ತುಂಬಿತು.

ಅಚ್ಚು ಹಾಕಿಸಿದರೆ ಮಗಳ ಹೆಸರು ಉಳಿಯುತ್ತದೆ ಎನ್ನಿಸಿತು. ಧಾರವಾಡದಲ್ಲಿ ಒಂದು ಮಾಸಪತ್ರಿಕೆಯ ಕವಿತೆಯ ಪುಟ ನೋಡಿಕೊಳ್ಳುತ್ತಿದ್ದ ಇಂದುಮತಿ ಮೇಡಂ ಬಳಿ ಹೋದ. ಕಾಲೇಜಿನಲ್ಲಿ ಪಾಠ ಮಾಡಿ ನಿವೃತ್ತರಾದವರು.

ಅವರು ಒಂದಕ್ಷರ ಬಿಡದೆ ಓದಿದರು. ಕನ್ನಡಕ ತೆಗೆದು ಕೆಳಗಿಟ್ಟರು.

"ಫಕೀರಪ್ಪನವರ, ಇದರಾಗ ನಿಮ್ಮ ಅಳು ಐತಿ. ಖರೇ ಅಳು. ಆದ್ರ ಮಗಳು ಎಲ್ಲಿ ಅದಾಳ?"

"ಏನ್ ಹಂಗಂದ್ರ ಮೇಡಂ? ಎಲ್ಲಾ ಆಕೀ ಮ್ಯಾಲೇ ಐತಲ್ರೀ!"

"ಮುದ್ದಿನ ಮಗಳು, ಬಂಗಾರದ ಗೊಂಬಿ... ಇವು ಯಾರ ಮಗಳಿಗೆ ಬೇಕಾದ್ರೂ ಹೊಂದತಾವ. ತೇಜಸ್ವಿನಿಗೆ ಅಷ್ಟ ಹೊಂದೂವಂಥ ಹತ್ತು ಸಾಲು ಬರಕೊಂಡು ಬರ್ರಿ. ನಾನ ಹಾಕತೇನಿ."

ಸಿಟ್ಟು ನೆತ್ತಿಗೇರಿತು. ಹೆತ್ತ ಮಗಳನ್ನು ಮಣ್ಣು ಮಾಡಿ ಬಂದವನ ಸಂಕಟ ಈಕೆಗೇನು ಗೊತ್ತು ಎಂದುಕೊಂಡು ಹೊರಬಿದ್ದ.

ಬಸ್ ಸ್ಟಾಪಿನಲ್ಲಿ ಕೂತು ಪೆನ್ನು ತೆಗೆದ. ಹತ್ತು ಸಾಲು ತಾನೇ...

ಅವಳಿಗೆ ಯಾವ ತಿಂಡಿ ಇಷ್ಟ? ಗೆಳತಿಯರ ಹೆಸರೇನು? ನಕ್ಕರೆ ಹೇಗೆ ಕೇಳಿಸುತ್ತಿತ್ತು?

ಒಂದೂ ಗೊತ್ತಿರಲಿಲ್ಲ.

ಬಸ್ಸುಗಳು ಬಂದವು, ಹೋದವು... ಹಾಳೆ ಖಾಲಿಯೇ ಇತ್ತು. ಫಕೀರಪ್ಪ ತಲೆ ಹಿಡಿದುಕೊಂಡು ಕೂತ.

ಮುಂದಿನ ರಜೆಯ ದಿನ ಮಧ್ಯಾಹ್ನ ರೇಣವ್ವ ಪಡಸಾಲೆಯಲ್ಲಿ ಮೆಂತ್ಯಸೊಪ್ಪು ಸೋಸುತ್ತಿದ್ದಳು. ಅವನು ಮೆಲ್ಲಗೆ ಹೋಗಿ ಎದುರಿಗೆ ಕೂತ.

"ರೇಣವ್ವಾ... ತೇಜೂಗ ಏನು ಸೇರತಿತ್ತು?"

ಅವಳ ಕೈ ನಿಂತಿತು. ಗಂಡನ ಮುಖ ನೋಡಿದಳು.

"ಆರು ತಿಂಗಳಾತು... ಊರ ಮಂದಿಗೆಲ್ಲಾ ಕವಿತಾ ಕಳಸೀರಿ. ನನ್ನ ಒಂದ್ ದಿನಾನೂ ಏನೂ ಕೇಳಲಿಲ್ಲ."

ಅವನು ಮೆಂತ್ಯದ ಒಂದು ಕಟ್ಟು ತನ್ನ ಕಡೆ ಎಳೆದುಕೊಂಡ.

ಆಮೇಲೆ ಅವಳೇ ಹೇಳತೊಡಗಿದಳು. ರೊಟ್ಟಿಯ ಅಂಚು ಕರ್ರಗೆ ಸುಟ್ಟಿದ್ದರೇ ತೇಜೂಗೆ ರುಚಿ. ಪರೀಕ್ಷೆ ಬಂದರೆ ಹಿತ್ತಲಿನ ಕೋಳಿಗಳ ಮುಂದೆ ನಿಂತು ಪಾಠ ಒಪ್ಪಿಸುತ್ತಿದ್ದಳು...

"ನಗೂದು? ಆಕಿ ನಗೂದು ಹೆಂಗಿತ್ತು?"

"ಡ್ಯೂಟಿ ಮುಗಿಸಿ ಬಂದು ನೀವು ಮಲಗಿರತಿದ್ರಿ. ಅಪ್ಪಗ ಎಚ್ಚರ ಆಗಬಾರದು ಅಂತ ಬಾಯಿಗೆ ವೇಲು ಒತ್ತಿಗೊಂಡು ನಗತಿದ್ಲು... ನಿಮಗ ಹೆಂಗ ಕೇಳಬೇಕು ಬಿಡ್ರಿ."

ಮಗಳು ಹೋದ ಮೇಲೆ ಆ ಗಂಡ ಹೆಂಡತಿ ಒಟ್ಟಿಗೆ ಕೂತು ಅತ್ತದ್ದು ಅದೇ ಮೊದಲು.

ಫಕೀರಪ್ಪ ನಲವತ್ತು ಸಾಲು ಬರೆದ. ಮೇಡಂ ಕೆಂಪು ಪೆನ್ನು ಹಿಡಿದರು. ಒಂದೊಂದು ಸಾಲು ಹೊಡೆದುಹಾಕಿದಾಗಲೂ ಮಗಳನ್ನು ಮತ್ತೊಮ್ಮೆ ಕಳಿಸಿಕೊಟ್ಟಂತೆ ಅನ್ನಿಸುತ್ತಿತ್ತು ಅವನಿಗೆ...

"ದೇವರನ್ನ ಬೈದ ಸಾಲು ಇರಲಿ ಮೇಡಂ, ಕೈ ಮುಗೀತೇನಿ."

"ವೇಲು ಒತ್ತಿಗೊಂಡು ನಗತಾಳ ಅಂತ ಬರದ ಮ್ಯಾಲ ಮತ್ತೇನು ಹೇಳೂದು ಉಳದೈತ್ರಿ ಫಕೀರಪ್ಪನವರ?"

ಆ ಸಾಲನ್ನು ಅವನೇ ಹೊಡೆದುಹಾಕಿದ. ನಾಲ್ಕು ಸಲ ಹೋಗಿ ಬಂದ. ಕೊನೆಗೆ ಒಂಬತ್ತು ಸಾಲು ಉಳಿದವು.

ಕವಿತೆ ಅಚ್ಚಾಯಿತು. ಪತ್ರಿಕೆ ತಂದು ಹೆಂಡತಿಯ ಕೈಗಿಟ್ಟ. ರೇಣವ್ವ ಅಕ್ಷರದ ಮೇಲೆ ಬೆರಳಿಟ್ಟು ನಿಧಾನವಾಗಿ ಓದಿದಳು... ಆರನೆಯ ಸಾಲಿನಲ್ಲಿ ಬೆರಳು ನಿಂತಿತು.

ಅದೊಂದು ಸಾಲನ್ನು ಮಾತ್ರ ಫಕೀರಪ್ಪ ಯಾರನ್ನೂ ಕೇಳದೆ ಬರೆದಿದ್ದ. ತಾನು ಪುಣೆಯಿಂದ ತಂದುಕೊಟ್ಟ ಗಡಿಯಾರವನ್ನು ಮಗಳು ಎಡಗೈಗೆ ಕಟ್ಟಿಕೊಳ್ಳುತ್ತಿದ್ದಳೆಂಬ ಸಾಲು.

"ಯಾಕ? ಏನಾತು?"

"ಏನಿಲ್ಲ ಬಿಡ್ರಿ... ಚಲೋ ಐತಿ."

"ಹೇಳ ರೇಣವ್ವಾ."

"ಆಕಿ ಬಲಗೈಗೆ ಕಟ್ಟತಿದ್ಲು ರೀ... ಬರಿಯೂದು ಎಡಗೈಲೆ ಇತ್ತಲ್ಲ."

ಹದಿನೇಳು ವರ್ಷ... ಮಗಳು ಬರೆಯುತ್ತಿದ್ದ ಕೈ ಯಾವುದೆಂದೂ ಅವನು ನೋಡಿರಲಿಲ್ಲ.

ಪತ್ರಿಕೆ ಆಗಲೇ ಊರೂರು ಸೇರಿತ್ತು. ಯಾವ ಕೆಂಪು ಪೆನ್ನಿನಿಂದಲೂ ಇನ್ನು ತಿದ್ದುವಂತಿರಲಿಲ್ಲ.

"ಇನ್ನೂ ಏನೇನು ಗೊತ್ತಿಲ್ಲ ನನಗ?" ಎಂದು ಕೇಳಿದ.

ರೇಣವ್ವ ಸೆರಗಿನಿಂದ ಕಣ್ಣೊರೆಸಿಕೊಂಡಳು. ಪತ್ರಿಕೆ ಮಡಿಸಿ ಬದಿಗಿಟ್ಟಳು.

"ಭಾಳ ಐತಿ... ಕುಂದರ್ರಿ."

*

ಬರೆದ ಸಾಲನ್ನು ನೂರು ಸಲ ತಿದ್ದಬಹುದು... ಕಳೆದುಹೋದ ಒಂದು ದಿನವನ್ನು ಒಮ್ಮೆಯೂ ತಿದ್ದಲಾಗದು.

ನಿಮ್ಮ ಮನೆಯವರ ಬಗ್ಗೆ, ಅವರಿಗೆ ಮಾತ್ರ ಹೊಂದುವಂಥ ಹತ್ತು ಸಾಲು ಬರೆಯಲು ಈಗ ಕೂತರೆ... ನಿಮ್ಮ ಪೆನ್ನು ಎಷ್ಟನೇ ಸಾಲಿಗೆ ನಿಲ್ಲುತ್ತದೆ?