ತವರಿನ ಚೀಲ

ಚಂದಪ್ಪ ಕೊಡಲಿಯ ಕಾವಿನಿಂದ ಹೊಡೆದ. ತಂಗಿಯ ಗಂಡ ಮಾಳಿಂಗಪ್ಪ ಹೊಸ್ತಿಲ ಮೇಲೆ ಕುಸಿದ. ಆದರೂ ಬಾಗಿಲು ಬಿಟ್ಟು ಸರಿಯಲಿಲ್ಲ.

ಒಳಗಿಂದ ತಿಪ್ಪವ್ವ ಚೀರಿದಳು. "ಅಣ್ಣಾ, ಬಿಡಿಸೋ! ಕಾಲಿಗೆ ದನದ ಸರಪಳಿ ಹಾಕ್ಯಾನೋ!"

ಪಾನನಿರೋಧ ಎದ್ದುಹೋಗಿ ಊರೂರಿಗೆ ಸಾರಾಯಿ ಅಂಗಡಿ ಬಂದ ಕಾಲ. ಹೆಂಡಿರನ್ನು ಬಡಿಯುವ ಗಂಡಸರಿಗೆ ಕೊರತೆಯಿರಲಿಲ್ಲ. ತಂಗಿಯನ್ನು ಕಟ್ಟಿಹಾಕಿದ ಸುದ್ದಿ ಮುಟ್ಟಿದ್ದೇ ಚಂದಪ್ಪ ತಾಳಿಕೋಟೆಯಿಂದ ಅಗರಖೇಡಕ್ಕೆ ಬಂದಿದ್ದ. ಹೆಗಲಿಗೆ ಅವ್ವ ಕಟ್ಟಿಕೊಟ್ಟ ಚೀಲ: ರೊಟ್ಟಿ, ಶೇಂಗಾ ಹಿಂಡಿ, ತಿಪ್ಪವ್ವನ ಬಾಣಂತನದಿಂದ ತಪ್ಪದೆ ಕಳಿಸುತ್ತಿದ್ದ ಥಂಡಿ ಔಷಧದ ಸೀಸೆ.

ಎದುರುಮನೆಯ ಕಸ್ತೂರೆವ್ವ ತಿಪ್ಪವ್ವನ ಕೂಸನ್ನು ಎತ್ತಿಕೊಂಡು ನಿಂತಿದ್ದಳು. ಕೂಸಿನ ಕಾಲು ಸುಟ್ಟು ಬೊಬ್ಬೆ ಎದ್ದಿತ್ತು.

"ಇದೂ ನಿಂದ ಕೆಲಸೇನಲೇ ಮಾಳ್ಯಾ?" ಚಂದಪ್ಪ ಗುಡುಗಿದ.

"ಒಲಿಯಾಗ ಬಿತ್ರಿ."

"ಮಗ್ಗಲಾ ಹೊಳ್ಳದ ಕೂಸು, ನಡಕೋತ ಹೋಗಿ ಬಿತ್ತೇನು?"

ಓಣಿಯ ಮಂದಿ ನೆರೆದಿತ್ತು. ಮಾಳಿಂಗಪ್ಪ ಅವರತ್ತ ನೋಡಿ ದನಿ ಇಳಿಸಿದ. "ಒಳಗ ಬರ್ರಿ ಭಾವಾರ, ಎಲ್ಲಾ ಹೇಳ್ತೇನಿ. ಚೀಲ ಮಾತ್ರ ಹೊರಗಿಡ್ರಿ."

"ತವರಮನಿ ರೊಟ್ಟಿನೂ ಆಗೂದಿಲ್ಲೇನು ನಿನಗ?"

ಎರಡನೆಯ ಹೊಡೆತಕ್ಕೆ ಮುಂಗೈ ಲಟಕ್ಕೆಂದಿತು. ಆ ಕೈ ತುಂಬ ಹಲ್ಲಿನ ಗಾಯಗಳಿದ್ದವು. ಕಚ್ಚಿ ಜೀವ ಉಳಿಸಿಕೊಂಡಿದ್ದಾಳೆ ಹುಡುಗಿ, ಎಂದುಕೊಂಡ ಚಂದಪ್ಪ. ಜುಟ್ಟು ಹಿಡಿದು ಬಾಯಿ ಮೂಸಿದ. ನಾತವಿರಲಿಲ್ಲ. ಇವತ್ತು ಇನ್ನೂ ಅಂಗಡಿಗೆ ಹೋಗಿಲ್ಲ, ಬಾಡ್ಯಾ.

ಹೊಟ್ಟೆಗೆ ಒದ್ದು ಸೊಂಟದಿಂದ ಕೀಲಿ ಕಿತ್ತುಕೊಂಡ. ಮಾಳಿಂಗಪ್ಪ ಮುರಿಯದ ಕೈಯಿಂದ ಅವನ ಕಾಲು ತಬ್ಬಿದ.

"ಭಾವಾರ, ನಿಮ್ಮ ಪಾದ ಹಿಡೀತೇನಿ, ಚೀಲ..."

ಕಾವು ಬಾಯಿಗೇ ಬಿತ್ತು. ಎರಡು ಹಲ್ಲು ಅಂಗಳಕ್ಕೆ ಉದುರಿದವು.

ಕೋಣೆಯಲ್ಲಿ ಕೌದಿ, ಮಜ್ಜಿಗೆಯ ತಂಬಿಗೆ, ಹಿಂಡಿದ ಲಿಂಬೆಯ ಸಿಪ್ಪೆಗಳು. ತಿಪ್ಪವ್ವನ ಮೈ ಗಡಗಡ ನಡುಗುತ್ತಿತ್ತು. ಸರಪಳಿ ಉಜ್ಜದಂತೆ ಯಾರೋ ಕಾಲಿಗೆ ಮೆತ್ತನೆಯ ಧೋತರ ಹರಿದು ಸುತ್ತಿದ್ದರು. ಅದನ್ನೆಲ್ಲ ನೋಡುವ ವ್ಯವಧಾನ ಚಂದಪ್ಪನಿಗಿರಲಿಲ್ಲ. ಬೀಗ ತೆಗೆದ.

"ನಡಿ ತಂಗಿ, ಊರಿಗೆ ಹೋಗೂನು. ಕೂಸು ಹೊರಗೈತಿ, ಎತ್ಕೊ."

ತಿಪ್ಪವ್ವ ಕೂಸಿನತ್ತ ತಿರುಗಲಿಲ್ಲ. ಅಣ್ಣನ ಹೆಗಲಿನ ಚೀಲಕ್ಕೆ ಕೈ ಹಾಕಿ ಎಳೆದಳು. ರೊಟ್ಟಿ ನೆಲಕ್ಕೆ ಚೆಲ್ಲಿದಳು. ಸೀಸೆಯ ಬಿರಡೆಯನ್ನು ಹಲ್ಲಿನಿಂದ ಕಿತ್ತು, ತಲೆಯೆತ್ತಿ, ಉಸಿರು ಬಿಡದೆ ಕುಡಿದಳು. ಕೋಣೆಯ ತುಂಬ ಬ್ರಾಂಡಿಯ ನಾತ ಹರಡಿತು.

ಹೊಸ್ತಿಲಲ್ಲಿ ಮಾಳಿಂಗಪ್ಪ ರಕ್ತ ಉಗುಳಿದ. "ಅಮಾಸಿಯಿಂದ ಒಂದ್ ಹನಿ ಮುಟ್ಟಿರಲಿಲ್ರಿ ಆಕಿ."