ಎರಡನೇ ಭಾಗದಲ್ಲಿ ಗೌರಿ ಇಲ್ಲ

ಪ್ರಭುರಾಜ ಸ್ಟೂಲು ಹತ್ತಿ ಗೋಡೆಯ ಮೇಲಿನ ಫೋಟೋಕ್ಕೆ ಗಂಧದ ಹಾರ ಹಾಕುತ್ತಿದ್ದ. ಸ್ಟೂಲು ಅಲುಗದಂತೆ ಕೆಳಗೆ ಹಿಡಿದು ನಿಂತವಳು ದೇವಿಕಾ. ಫೋಟೋದಲ್ಲಿದ್ದವಳೂ ಅವಳೇ.

"ಹಾರ ಎಡಕ್ಕ ಜಾರೇದ ನೋಡ್ರಿ."

"ಇರ್ಲಿ ಬಿಡು. ಖರೇ ಕಾಣ್ತದ."

ಸಿನಿಮಾದ ಎರಡನೇ ಭಾಗ ಬಂತೆಂದರೆ ಮೊದಲ ಭಾಗದ ನಾಯಕಿಯ ಗ್ರಹಚಾರ ಕೆಟ್ಟಿತೆಂದೇ ತಿಳಿಯಬೇಕು. ಮೊದಲು ಅವಳಿಗಾಗಿ ನಾಯಕ ಊರನ್ನೇ ಎದುರು ಹಾಕಿಕೊಳ್ಳುತ್ತಾನೆ. ಆಮೇಲೆ ಅವಳು ಗೋಡೆಯ ಮೇಲೆ ನಗುತ್ತಿರುತ್ತಾಳೆ, ಮಹಾಶಯ ಹೊಸಬಳ ಹಿಂದೆ ಹಾಡುತ್ತಿರುತ್ತಾನೆ. ನೋಡುವವರೂ ಕಡಲೆಕಾಯಿ ತಿನ್ನುತ್ತ ಒಪ್ಪಿಬಿಡುತ್ತಾರೆ.

ಪ್ರಭುರಾಜ ಮಾನ್ವಿಯ ಭತ್ತದ ಗದ್ದೆಗಳಲ್ಲಿ ಒಂದು ಸಣ್ಣ ಸಿನಿಮಾ ತೆಗೆದಿದ್ದ. ನಿರ್ದೇಶಕನೂ ಅವನೇ, ನಾಯಕನೂ ಅವನೇ, ನಾಯಕಿ ದೇವಿಕಾ. ರಾಯಚೂರಿನ ಟಾಕೀಸಿನಲ್ಲಿ ಅದು ಒಂದು ವಾರ ಓಡಿತು. ಅದರಿಂದಾದ ಮದುವೆ ಐದು ವರ್ಷದಿಂದ ಓಡುತ್ತಿದೆ. ಈಗ ಎರಡನೇ ಭಾಗವಂತೆ. ಸೆಟ್ಟು ಹಾಕುವ ತಾಕತ್ತು ಆಗಲೂ ಇರಲಿಲ್ಲ, ಈಗಲೂ ಇಲ್ಲ. ರಾಯಚೂರಿನ ಈ ಮನೆಯೇ ಸೆಟ್ಟು.

"ಸಾಯಿಸ್ಲೇಬೇಕೇನ್ರಿ? ತವರಮನಿಗಿ ಹೋಗ್ಯಾಳ ಅಂದ್ರ ಆಗಂಗಿಲ್ಲೇನು?"

"ಆಕಿ ಬದುಕಿದ್ರ ಎರಡನೇದಾಕಿನ್ನ ಮಂದಿ ಒಪ್ಪಂಗಿಲ್ಲ."

"ಹೆಂಗ ಸತ್ತೆ?"

"ಜ್ವರ ಬಂದು."

"ನಂದು ಒಂದು ಮಾತರ ಅದ ಏನು?"

"ಫೋಟೋ ಎಲ್ಲೆರ ಮಾತಾಡ್ತದೇನು ಹುಚ್ಚಿ?"

ಫೋಟೋದ ಕೆಳಗೆ ದೊಡ್ಡ ಅಕ್ಷರದಲ್ಲಿ ಅವಳ ಹೆಸರು ಬರೆಸಿದ್ದ.

"ಸಿನಿಮಾದಾಗ ನಾ ಗೌರಿ ಅಲ್ಲೇನ್ರಿ?"

"ಪಾತ್ರದ ಹೆಸರು ಯಾರಿಗಿ ನೆನಪಿರ್ತದ?"

ಅವಳಿಗೆ ಸಿಟ್ಟು ಬರಬೇಕಿತ್ತು, ಬರಲಿಲ್ಲ. ಸಾಯುವುದು ಬೇಡವಾಗಿತ್ತು, ಅಷ್ಟೇ. ಅದನ್ನು ಹೇಳಿಯೂ ಆಗಿತ್ತು. ಪ್ರಭುರಾಜ ಮೊಬೈಲಿನಲ್ಲಿ ಗೋಡೆಯ ಚಿತ್ರ ತೆಗೆದುಕೊಂಡ. ಕಪಾಟಿನಲ್ಲಿ ಸತ್ತವಳ ಸೀರೆ ಕಾಣಬಾರದೆಂದು ಎಲ್ಲವನ್ನೂ ಗಂಟು ಕಟ್ಟಿಸಿದ. ಹೊಸ ನಾಯಕಿಗೆ ಸಂಕೋಚವಾಗುತ್ತದೆ, ಕೆಲಸ ಮುಗಿಯುವ ತನಕ ಮಾನ್ವಿಯ ತವರಿನಲ್ಲಿರು ಎಂದ.

"ಕ್ಯಾಮೆರಾದವ್ರು ಇನ್ನಾ ಯಾಕ ಬಂದಿಲ್ರಿ?"

"ಮುಹೂರ್ತದ ದಿನ ಬರ್ತಾರ."

ಗಂಟು ಹೊತ್ತು ಅವಳು ಬಸ್ಸು ಹತ್ತಿದಳು.

ತವರಿನಲ್ಲಿ ಉಂಡಳು, ಮಲಗಿದಳು. ಪ್ರಭುರಾಜನ ಫೋನು ಬರಲಿಲ್ಲ. ಕೊನೆಗೊಂದು ದಿನ, ತನ್ನ ಜಾಗಕ್ಕೆ ಬಂದವಳನ್ನು ದೂರದಿಂದಲಾದರೂ ನೋಡೋಣವೆನಿಸಿ ರಾಯಚೂರಿಗೆ ಹೊರಟಳು. ಬಿಸಿಲಿಗೆ ಈ ಕಡೆಯ ಹೆಂಗಸರು ಮಾಡುವಂತೆ ಕಣ್ಣಷ್ಟೇ ಕಾಣುವ ಹಾಗೆ ಮುಖಕ್ಕೆ ವೇಲು ಸುತ್ತಿಕೊಂಡಿದ್ದಳು. ಬಸ್ಸಿಳಿಯುವಾಗ ಕಾಲುಂಗುರ ಬಿಚ್ಚಿಕೊಂಡಿತು. ಮುತ್ತೈದೆ ಕಾಲುಂಗುರವಿಲ್ಲದೆ ಗಂಡನ ಮನೆಗೆ ಹೋಗಬಾರದು. ಬಜಾರಿನಲ್ಲಿ ಬಂಗಾರ ಬೆಳ್ಳಿ ಕೆಲಸದ ಮೊದಲ ಪತ್ತಾರನ ಅಂಗಡಿಗೇ ಹೋಗಿ ಕುಳಿತಳು.

ಅಲ್ಲಿ ದೇವದುರ್ಗದ ಅನ್ನಮ್ಮ ಮಗಳ ಮದುವೆಯ ಬಂಗಾರ ಮಾಡಿಸುತ್ತಿದ್ದಳು. ವರನಿಗೆ ಇದು ಎರಡನೇ ಸಂಬಂಧ, ಹಾಗಾಗಿ ಸವತಿ ತಾಳಿಯೂ ಬೇಕಿತ್ತು. ಸತ್ತ ಮೊದಲ ಹೆಂಡತಿಯ ಹೆಸರಿನಲ್ಲಿ ಮಾಡಿಸುವ ಸಣ್ಣ ಬಂಗಾರದ ಬಿಲ್ಲೆ ಅದು. ಹೊಸಬಳು ಅದನ್ನು ತನ್ನ ತಾಳಿಯ ಜೊತೆ ಕಟ್ಟಿಕೊಂಡರೆ ಸತ್ತವಳು ಕಾಡುವುದಿಲ್ಲವೆಂದು ನಂಬಿಕೆ.

"ಪಾಪ, ಆಕಿದೂ ಸಾಯೋ ವಯಸ್ಸಲ್ಲಂತ," ಎಂದಳು ಅನ್ನಮ್ಮ. "ಆದ್ರ ನನ್ನ ಮಗಳು ಇನ್ನಾ ಸಣ್ಣಾಕಿ. ಸತ್ತಾಕಿ ಸಮಾಧಾನ ಆಗ್ಬೇಕಲ್ರಿ."

"ಬಿಲ್ಲಿ ಮ್ಯಾಲ ಏನಂತ ಹೆಸರು ಕೆತ್ತಲಿ ಯವ್ವಾ?" ಪತ್ತಾರ ಮುದುಕಪ್ಪ ಕೇಳಿದ.

"ಅಳಿಯ ಹೇಳಿದ್ದ, ಮರ್ತೆ. ಅವ ಕಳಿಸಿದ ಫೋಟೋದಾಗ ಬರದಾರ ನೋಡ್ರಿ."

ಮುದುಕಪ್ಪನ ಎರಡೂ ಕೈ ಕುಲುಮೆಯ ಮುಂದೆ ಕೆಲಸದಲ್ಲಿದ್ದವು. ಅನ್ನಮ್ಮ ಮೊಬೈಲನ್ನು ಪಕ್ಕದವಳ ಕಡೆ ಚಾಚಿದಳು.

"ನನಗ ಓದಾಕ ಬರಂಗಿಲ್ಲ. ನೀ ಓದವ್ವ ತಂಗಿ."

ದೇವಿಕಾ ನೋಡಿದಳು. ಗಂಧದ ಹಾರ ಎಡಕ್ಕೆ ಜಾರಿತ್ತು.

"ದೇವಿಕಾ," ಎಂದು ಓದಿ, ಅವಳು ಮುಖಕ್ಕೆ ಸುತ್ತಿದ್ದ ವೇಲು ಬಿಚ್ಚಿದಳು.