ರಜಾಯಿ ಕೊಡವುವ ಹೊತ್ತು

ಹಳ್ಳದಾಚೆ ಮುಳ್ಳುತಂತಿಯ ಹಿಂದೆ ಮಗಳು ಲೀಸ್ಬೆತ್ ಹತ್ತು ದಿನದ ಕೂಸನ್ನು ಎತ್ತಿ ಹಿಡಿದದ್ದೇ ತಡ, ವಾಲ್ಬುರ್ಗಾಳ ಬಲಗೈ ತಾನಾಗಿಯೇ ಕಿಟಕಿಯಿಂದ ಹೊರಗೆ ಚಾಚಿತು. “ಏನ್ರೀ ಅದು?” ಕೆಳಗಿನ ಬೀದಿಯಿಂದ ಗಡಿಕಾವಲಿನ ಸಾರ್ಜೆಂಟ್ ಪೆಚೋಲ್ಡ್ ಗದರಿದ. ಮಹಾಯುದ್ಧ ಮುಗಿದ ಮೇಲೆ ಜರ್ಮನಿಯ ಆ ಹಳ್ಳಿಯಲ್ಲಿ ಹಳ್ಳದ ಆಚೆ ದಡ ಅಮೆರಿಕದ ಬಣಕ್ಕೆ, ಈಚೆಯದು ರಷ್ಯದ ಬಣಕ್ಕೆ ಸೇರಿತ್ತು. ಈಚೆಯವರು ಆಚೆಗೆ ಕೈ ಬೀಸಿದರೆ ಮನೆಯಿಂದ ಎತ್ತಂಗಡಿ. ಪಕ್ಕದ ಮನೆಯ ಓಟ್ಮಾರನ ಸಂಸಾರವನ್ನು ಲಾರಿಗೆ ಹತ್ತಿಸಿದ್ದು ಅದಕ್ಕೇ.

ವಾಲ್ಬುರ್ಗಾ ಕಿಟಕಿಯಲ್ಲಿ ಬಿಸಿಲಿಗೆ ಹಾಕಿದ್ದ ಗರಿಯ ರಜಾಯಿಯನ್ನು ಎತ್ತಿಕೊಂಡು ಪಟಪಟನೆ ಕೊಡವಿದಳು. “ರಜಾಯಿ ಕಣಪ್ಪಾ. ನಮ್ಮನೆಯವರು ಹಾಸಿಗೇಲೇ ಕೂತು ರಸ್ಕ್ ತಿಂತಾರೆ.”

“ಬೆಳಿಗ್ಗೇನೇ ಕೊಡವಿದ್ರಲ್ಲ!”

“ಧೂಳಿಗೇನು ಗೊತ್ತು ನಿನ್ನ ಕಾನೂನು?” ಎಂದವಳೇ ಅವನ ಮೂಗುದನಿಯನ್ನೇ ಎರವಲು ಪಡೆದು ಅಬ್ಬರಿಸಿದಳು: “ಎಲೈ ಧೂಳೇ, ನಿಲ್ಲು! ಯಾವ ಬಣ ನಿಂದು? ತೋರ್ಸು ಗುರುತಿನ ಚೀಟಿ!”

ಬೀದಿಯಲ್ಲಿ ಯಾರೋ ಕಿಸಕ್ಕನೆ ನಕ್ಕರು. ಬ್ರೆಡ್ ಸುಡುವ ಗುಂಡುಲಾಳ ಕಿಟಕಿಯಿಂದ ಮೇಜಿನ ಬಟ್ಟೆಯೊಂದು ಹೊರಬಂದು ಬೀಸತೊಡಗಿತು. ಅದರ ಹಿಂದೆಯೇ ಇನ್ನೊಂದು ಮನೆಯಿಂದ ದಿಂಬು, ಮತ್ತೊಂದರಿಂದ ಹಳೇ ಲಂಗ. ಆಚೆ ದಡದಲ್ಲಿ ಲೀಸ್ಬೆತ್ ನಗುತ್ತಲೋ ಅಳುತ್ತಲೋ ಕೂಸನ್ನು ತೂಗಿದಳು.

ಪೆಚೋಲ್ಡನ ಕಿವಿಗಳು ಕೆಂಪಾದವು. ಪುಸ್ತಕ ಬಿಚ್ಚಿ, ಪೆನ್ಸಿಲ್ ನಾಲಿಗೆಗೆ ತಾಗಿಸಿ ಕೂಗಿದ: “ಕೊನೇ ಸಲ ಹೇಳ್ತಿದೀನಿ! ಇವತ್ತಿಂದ ರಜಾಯಿ ಕೊಡವಿದ್ರೂ ಕೈ ಬೀಸಿದ ಹಾಗೇನೇ!”

“ಹೌದಾ? ಮೊದಲೇ ಹೇಳೋದಲ್ವೇನೋ,” ಎಂದಳು ವಾಲ್ಬುರ್ಗಾ. “ಸುಮ್ನೆ ಇಷ್ಟು ಭಾರ ಹೊತ್ನಲ್ಲ.”

ರಜಾಯಿಯನ್ನು ಅವನ ಟೋಪಿಯ ಮೇಲೆ ಬಿಟ್ಟಳು. ಆಮೇಲೆ ಅಂಗಿಯ ತೋಳು ಮೇಲಕ್ಕೆ ಮಡಚಿ, ಬರಿಗೈಯೆತ್ತಿ, ಮೊಮ್ಮಗುವಿಗೆ ಬೀಸಿದಳು.